ಒಂದೂ ಗಂಟಿಲ್ಲದ ಸ್ಲರಿ

ಪ್ಯಾಕಿಂಗ್ ವಿಭಾಗದ ಗಾಜಿನ ಬಾಗಿಲಿನಾಚೆ ತಮ್ಮ ತಲೆಗೆ ಕಾಗದದ ಟೋಪಿ ಹಾಕಿಕೊಂಡು ನಿಂತಿದ್ದ. ಅಕ್ಕನನ್ನು ಕಂಡದ್ದೇ ತಡ, ಕೈ ಬೀಸಿದ. ಅವಳ ಮೈ ಉರಿದುಹೋಯಿತು. ಪುಡಿ ಒಣಗಿಸುವ ಟವರಿನ ಕೆಲಸದಿಂದ ಇಳಿಸಿ ಚೀಲಕ್ಕೆ ಲೇಬಲ್ ಅಂಟಿಸಲು ನಿಲ್ಲಿಸಿದ್ದಾರೆ, ಇಡೀ ಕಾರ್ಖಾನೆಗೆ ಸುದ್ದಿ ಮುಟ್ಟಿದೆ, ಕ್ಯಾಂಟೀನಿನವನು ಕೂಡ ಇವತ್ತು ಅವಳ ಮುಂದೆ ಟೀ ಇಡುವಾಗ ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದ. ಈ ಮಹಾಶಯ ಮಾತ್ರ ರೈಲ್ವೆ ಸ್ಟೇಷನ್ನಿನಲ್ಲಿ ನೆಂಟರನ್ನು ಕಂಡವನ ಹಾಗೆ ಕೈ ಬೀಸುತ್ತಾನೆ. ಎರಡು ಮಕ್ಕಳ ತಂದೆ. ಟೋಪಿಯನ್ನಾದರೂ ನೆಟ್ಟಗೆ ಹಾಕಿಕೊಂಡಿದ್ದಾನೆಯೇ ಅಂದರೆ ಅದೂ ಇಲ್ಲ, ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ. ಅವಳು ಕೈ ಬೀಸಲಿಲ್ಲ. ಸ್ವಲ್ಪ ಮುಂದೆ ಹೋದಮೇಲೆ ಬೀಸಬಹುದಿತ್ತು ಅನ್ನಿಸಿ ತಿರುಗಿ ನೋಡಿದರೆ ಅವನು ಆಗಲೇ ಪಕ್ಕದವನಿಗೆ ಏನೋ ಹೇಳಿ ನಗುತ್ತಿದ್ದ. ಇವನಿಗೆ ನಾಚಿಕೆ ಅನ್ನುವುದನ್ನು ದೇವರು ಕೊಟ್ಟೇ ಇಲ್ಲ, ಇವನ ಪಾಲಿನದನ್ನೂ ಸೇರಿಸಿ ತನಗೇ ಕೊಟ್ಟುಬಿಟ್ಟಿದ್ದಾನೆ ಎಂದುಕೊಳ್ಳುತ್ತ ಲ್ಯಾಬಿನ ಬಾಗಿಲು ದೂಡಿದಳು.

ಬೆಳಿಗ್ಗೆ ಗೇಟಿನಲ್ಲೇ ಮ್ಯಾನೇಜರ್ ಅವಳನ್ನು ನಿಲ್ಲಿಸಿಕೊಂಡಿದ್ದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಸ್ಲರಿ ನೀವು ಕಲಸಿದ್ದೇ, ಟವರ್ ಅದೇ, ಶಾಖ ಅದೇ. ಆಪರೇಟರ್ ಒಬ್ಬ ಬೇರೆ, ಅಷ್ಟೆ. ನಮ್ಮ ಇನ್ನೊಬ್ಬ ಆಪರೇಟರ್, ಆ ಮೀಸೆ, ಓಡಿಸ್ಲಿ ಇವತ್ತು. ಪುಡಿ ಸರಿ ಬಂತು ಅಂದ್ರೆ ತಪ್ಪು ಎಲ್ಲಿತ್ತು ಅಂತ ಗೊತ್ತಾಯ್ತಲ್ಲ. ಬರ್ಲಿಲ್ಲ ಅಂದ್ರೆ ನಿಮ್ಮ ತಮ್ಮನ್ನ ನಾಳೆನೇ ವಾಪಸ್ ಟವರಿಗೆ ಹತ್ತಿಸ್ತೀನಿ, ನಾನೇ ಹೋಗಿ ಸಾರಿ ಕೇಳ್ತೀನಿ." ಸರಿ ಬಂದರೆ ಏನು ಎಂದು ಅವಳು ಕೇಳಿದಾಗ ಅವರು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿದರು. "ಪ್ಯಾಕಿಂಗಲ್ಲಿ ಖಾಯಂ ಜಾಗ ಇಲ್ಲ ಅಂತ ನಿಮಗೇ ಗೊತ್ತು. ಮೂರು ಬ್ಯಾಚ್ ವಾಪಸ್ ಬಂದಿದೆ. ಇನ್ನೂ ಅವನನ್ನ ಇಟ್ಕೊಳ್ಳೋಕೆ ನಾನು ಯಾವ ಮುಖ ಇಟ್ಕೊಂಡು ಮೇಲಿನವರ ಹತ್ರ ಹೋಗ್ಲಿ? ಇಷ್ಟು ದಿನ ನಿಮ್ಮ ತಮ್ಮ ಅಂತ ಸುಮ್ನಿದ್ದೆ." ನಿಮ್ಮ ತಮ್ಮ ಅಂತ. ಈ ಮಾತನ್ನು ಅವಳು ಎಷ್ಟು ಸಲ ಕೇಳಿಸಿಕೊಂಡಿಲ್ಲ! ಅವನು ಕೆಲಸಕ್ಕೆ ಸೇರಿದ ದಿನದಿಂದ ಅವನು ತಡವಾಗಿ ಬಂದರೆ, ಬೂಟಿನ ಲೇಸು ಕಟ್ಟದೆ ಮೆಟ್ಟಿಲಿನಲ್ಲಿ ಮುಗ್ಗರಿಸಿದರೆ, ಡ್ಯೂಟಿಯಲ್ಲಿ ಹಾಡು ಗುನುಗಿದರೆ, ಎಲ್ಲರೂ ಮೊದಲು ಅವಳ ಮುಖ ನೋಡುತ್ತಿದ್ದರು. ಕೆಲಸ ಕೊಡಿಸಿದ್ದೇ ತಪ್ಪಾಯಿತು. ಆದರೆ ಅಮ್ಮ ಬಿಡಬೇಕಲ್ಲ; ಊಟಕ್ಕೆ ಕೂತರೆ ಅದೇ, ಮಲಗಲು ಹೋದರೆ ಅದೇ, ನಿನಗೆ ಅಲ್ಲಿ ಅಷ್ಟು ಮರ್ಯಾದೆ ಇದೆಯಲ್ಲ ಒಂದು ಮಾತು ಹೇಳಬಾರದಾ, ಹೇಳಬಾರದಾ.

ಅಮ್ಮನಿಗೆ ಇವತ್ತಿಗೂ ತನ್ನ ಮಕ್ಕಳಿಬ್ಬರೂ ಮುಖಕ್ಕೆ ಹಚ್ಚುವ ಪೌಡರಿನ ಕಾರ್ಖಾನೆಯಲ್ಲಿದ್ದಾರೆ ಎಂದೇ ನಂಬಿಕೆ. ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿತ್ತು. ಅಲ್ಯೂಮಿನಾ ಅಮ್ಮ, ಲೋಹದ ಆಕ್ಸೈಡು, ಹೊಗೆಯಷ್ಟು ಸಣ್ಣ, ಅದನ್ನ ಹಾಗೇ ಅಚ್ಚಿಗೆ ಸುರಿದರೆ ಇಳಿಯೋದೇ ಇಲ್ಲ, ಮುದ್ದೆ ಕಟ್ಟಿಕೊಂಡು ಕೂತುಬಿಡುತ್ತೆ. ಅದಕ್ಕೇ ನೀರಲ್ಲಿ ಕಲಸಿ, ಸ್ವಲ್ಪ ಅಂಟು ಹಾಕಿ ನಾನು ಸ್ಲರಿ ಮಾಡಿಕೊಡ್ತೀನಿ, ಅದನ್ನ ಟವರೊಳಗೆ ಬಿಸಿಗಾಳಿಗೆ ಚಿಮ್ಮಿಸ್ತಾರೆ, ಒಂದೊಂದು ಹನಿಯೂ ಬೀಳ್ತಾ ಬೀಳ್ತಾನೇ ಒಣಗಿ ಒಂದೊಂದು ದುಂಡನೆಯ ಕಾಳಾಗುತ್ತೆ, ಕಾಳು ಮರಳಿನ ಹಾಗೆ ಸರಾಗವಾಗಿ ಅಚ್ಚಿಗೆ ಇಳಿಯುತ್ತೆ, ಅದನ್ನ ಒತ್ತಿ ಸುಟ್ಟರೆ ಪಂಪಿಗೆ ಹಾಕೋ ಬಿಳೀ ಬಳೆ ಆಗುತ್ತೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಆ ಬಿಸಿ ಹತ್ರ ನಿಂತ್ಕೊಳ್ಳೋನು ಪುಟ್ಟಾನಾ? ನೀನಲ್ವಾ?" ಎಂದಿದ್ದಳು. ಈಗ ಆ ಕಾಳುಗಳೇ ಟೊಳ್ಳಾಗಿ ಬರುತ್ತಿದ್ದವು. ಮೇಲೆ ಒಂದು ಹೊಕ್ಕುಳಿನಂಥ ತೂತು, ಒಳಗೆ ಏನೂ ಇಲ್ಲ. ಅಂಥ ಕಾಳನ್ನು ಒತ್ತಿ ಸುಟ್ಟರೆ ಬಳೆಯೊಳಗೆ ಗುಳಿ ಉಳಿಯುತ್ತದೆ, ಪಂಪು ತಿರುಗಿದ ಕೂಡಲೇ ಬಳೆ ಸೀಳುತ್ತದೆ. ಗಿರಾಕಿ ಒಡೆದ ಬಳೆಗಳನ್ನು ಒಂದು ಡಬ್ಬಿಗೆ ತುಂಬಿ ಕಳಿಸಿದ್ದ. ಶಾಖ ಜಾಸ್ತಿ ಇಟ್ಟರೆ ಹೀಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಶಾಖ ನೋಡಿಕೊಳ್ಳುವವನು ತಮ್ಮ. ಮುಗಿಯಿತಲ್ಲ.

ಅವಳ ಸ್ಲರಿಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಹೊರಗಿನವರು ಯಾರು ಬಂದರೂ ಮ್ಯಾನೇಜರ್ ಮೊದಲು ಅವಳ ತೊಟ್ಟಿಯ ಬಳಿ ಕರೆತಂದು, ಒಂದು ಸೌಟು ಎತ್ತಿ ಹುಯ್ದು ತೋರಿಸುತ್ತಿದ್ದರು: ಹಾಲು ನೋಡಿ ಸರ್, ಹಾಲು. ಒಂದು ಗಂಟು ಇಲ್ಲ, ಒಂದು ಎಳೆ ಇಲ್ಲ. ಆಗೆಲ್ಲ ಅವಳು ಪಕ್ಕದಲ್ಲಿ ನಿಂತು ಇದೇನು ಮಹಾ ಅನ್ನುವ ಮುಖ ಮಾಡುತ್ತಿದ್ದಳು. ಅಪ್ಪ ಗೋಡೆಗೆ ಬಣ್ಣ ಬಳಿಯುವವನು. ಚಿಕ್ಕಂದಿನಲ್ಲಿ ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಬಣ್ಣ ಸೋಸಿಕೊಡುವುದು ಅವಳ ಕೆಲಸ, ಸೋಸಿದ ಡಬ್ಬಿಗೆ ಬೆರಳದ್ದಿ ಓಡುವುದು ತಮ್ಮನ ಕೆಲಸ. ಅಪ್ಪ ಡಬ್ಬಿಯನ್ನು ಬೆಳಕಿಗೆ ಓರೆಮಾಡಿ ಹಿಡಿದು ನೋಡಿ, ಏನೂ ಹೇಳದೆ ತಲೆಯಾಡಿಸಿದರೆ ಅವಳಿಗೆ ಅವತ್ತಿಡೀ ಹಸಿವೆಯಾಗುತ್ತಿರಲಿಲ್ಲ. ತಮ್ಮನಿಗೆ ಬೈಗುಳವೂ ಸಿಗುತ್ತಿತ್ತು, ಬೈದಮೇಲೆ ಮುದ್ದೂ ಸಿಗುತ್ತಿತ್ತು. ತಲೆಯಾಡಿಸುವುದಷ್ಟು ಮಾತ್ರ ಅವಳಿಗೇ ಮೀಸಲು. ಕಾಲೇಜು, ಕೆಮಿಸ್ಟ್ರಿ, ಈ ಲ್ಯಾಬು, ಎಲ್ಲ ಆಮೇಲೆ ಬಂದವು. ಮೊದಲನೇ ಬ್ಯಾಚು ವಾಪಸು ಬಂದಾಗ ಅವಳು ಸ್ಲರಿಯನ್ನು ಇನ್ನಷ್ಟು ನಯ ಮಾಡಿದಳು, ಕಣಗಳು ಒಂದಕ್ಕೊಂದು ಅಂಟದ ಹಾಗೆ ಬಿಡಿಸಿಡುವ ದ್ರಾವಣವನ್ನು ಸ್ವಲ್ಪ ಹೆಚ್ಚಿಗೆ ಹಾಕಿದಳು. ಎರಡನೆಯದು ಬಂದಾಗ ಇನ್ನೂ ಸ್ವಲ್ಪ. ಮೂರನೆಯದರ ಹೊತ್ತಿಗೆ ಸೌಟಿನಿಂದ ಬಿಟ್ಟರೆ ಸದ್ದೇ ಇಲ್ಲದೆ ಇಳಿಯುತ್ತಿತ್ತು. ಇಷ್ಟು ಚೆಂದದ ಸ್ಲರಿ ಕೊಟ್ಟರೂ ಹಾಳುಮಾಡುತ್ತೀಯಲ್ಲೋ ಎಂದು ಅವಳು ತಮ್ಮನಿಗೆ ಟವರಿನ ಮೆಟ್ಟಿಲಿನ ಮೇಲೆ, ಮೀಸೆಯ ಎದುರಿಗೇ, ಬೈದಿದ್ದಳು.

ಲ್ಯಾಬಿನ ಕಿಟಕಿಯ ಕಟ್ಟೆಯ ಮೇಲೆ ಬಾಟಲಿಗಳ ಸಾಲು. ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ಸ್ಲರಿ ಎತ್ತಿಡುವುದು ಅವಳದೇ ಪದ್ಧತಿ, ಅದರ ಮೇಲೂ ಇವತ್ತು ಸಿಟ್ಟು ಬಂತು. ಧೂಳು, ಗಲೀಜು, ಯಾರೂ ಇವನ್ನು ನೋಡುವುದಿಲ್ಲ, ಎಸೆದುಬಿಡೋಣ ಎಂದು ಒಂದನ್ನು ಎತ್ತಿ ಕವುಚಿದಳು. ತಳದಲ್ಲಿ ಕೂತದ್ದು ಅಲುಗಲಿಲ್ಲ. ಗಾಜಿನ ಕಡ್ಡಿ ಹಾಕಿ ತಿವಿದರೆ ಕಲ್ಲು. ವಾಪಸು ಬಂದ ಮೂರು ಬ್ಯಾಚಿನ ಬಾಟಲಿಗಳೂ ಅಷ್ಟೆ, ಮೇಲೆ ನೀರು, ತಳದಲ್ಲಿ ಕಲ್ಲು. ಅವುಗಳ ಪಕ್ಕದಲ್ಲಿ ಅವಳೇ ಮುಖ ಸಿಂಡರಿಸಿಕೊಂಡು ಇಟ್ಟಿದ್ದ ಹಳೆಯದೊಂದಿತ್ತು. ಆಸಿಡ್ಡಿನಲ್ಲಿ ತೊಳೆದ ತೊಟ್ಟಿಯನ್ನು ಸರಿಯಾಗಿ ಜಾಲಾಡದೆ ಅದರಲ್ಲೇ ಕಲಸಿಬಿಟ್ಟ ಬ್ಯಾಚು ಅದು. ಸ್ಲರಿ ಗಂಜಿಯಾಗಿತ್ತು. ಚರಂಡಿಗೆ ಬಿಡಿ ಎಂದು ಅವಳು ಕೂಗಾಡಿದ್ದಳು. ತಮ್ಮ, "ಇರ್ಲಿ ಬಿಡಕ್ಕ, ಪಾಪ, ಓಡ್ಸಿ ನೋಡ್ತೀನಿ" ಎಂದು, ಸ್ಲರಿಗೂ ಪಾಪ ಅನ್ನುವ ಏಕೈಕ ಪ್ರಾಣಿ ಅವನು, ದಿನವಿಡೀ ಪಂಪಿನ ಜೊತೆ ಗುದ್ದಾಡಿ ಅದನ್ನು ಒಣಗಿಸಿದ್ದ. ಆ ಬಾಟಲಿಯನ್ನು ಕವುಚಿದಾಗ ತಳದ ಬಿಳಿ ಹತ್ತಿಯ ಹಾಗೆ ಸಡಿಲವಾಗಿ ಮೇಲೆದ್ದು ಬಂತು. ಅವಳು ಬಾಟಲಿ ಹಿಡಿದುಕೊಂಡೇ ನಿಂತಳು. ಆ ಬ್ಯಾಚಿನ ಬಗ್ಗೆ ಗಿರಾಕಿಯಿಂದ ಒಂದು ದೂರೂ ಬಂದಿರಲಿಲ್ಲ.

ಬೀರುವಿನಿಂದ ಆ ಬ್ಯಾಚಿನ ಪುಡಿ ಹುಡುಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ದುಂಡು ದುಂಡು ಕಾಳು, ಎಲ್ಲೂ ತೂತಿಲ್ಲ. ಸೂಜಿಯಿಂದ ಒತ್ತಿ ಒಡೆದರೆ ಒಳಗೂ ತುಂಬಿಕೊಂಡಿತ್ತು. ಮೂರನೇ ಬ್ಯಾಚಿನ ಕಾಳಿಗೆ ಸೂಜಿ ಮುಟ್ಟಿಸಿದ್ದಷ್ಟೆ, ಮೊಟ್ಟೆಯ ಚಿಪ್ಪಿನ ಹಾಗೆ ಕುಸಿಯಿತು. ಆಮೇಲೆ ಅರ್ಥವಾಗಲು ಏನೂ ಹೊತ್ತು ಬೇಕಾಗಲಿಲ್ಲ. ಅರ್ಥವಾಗಿದ್ದೇ ಅವಳಿಗೆ ಅಸಹ್ಯವಾಯಿತು. ಅವಳು ಕಣಗಳನ್ನು ಒಂದಕ್ಕೊಂದು ಸೋಕದ ಹಾಗೆ ಬಿಡಿಸಿಟ್ಟಿದ್ದಳಲ್ಲ, ಹನಿ ಒಣಗುವಾಗ ನೀರು ಹೊರಕ್ಕೆ ಹೊರಟರೆ ಅವೂ ಅದರ ಬೆನ್ನಿಗೇ ಹೊರಟುಬಿಡುತ್ತವೆ, ಹಿಡಿದುಕೊಳ್ಳುವವರು ಯಾರೂ ಇಲ್ಲ. ಎಲ್ಲ ಸಿಪ್ಪೆಗೆ ಹೋಗಿ ಕೂತು ಗಟ್ಟಿಯಾದಮೇಲೆ ನಡುವೆ ಉಳಿಯುವುದು ಗಾಳಿ. ಒಂದನ್ನೊಂದು ಸ್ವಲ್ಪ ಹಿಡಿದುಕೊಂಡಿದ್ದರೆ ಇದ್ದಲ್ಲೇ ಇರುತ್ತಿದ್ದವು, ಹನಿ ಇಡಿಯಾಗಿ ಕುಗ್ಗಿ ಗಟ್ಟಿ ಕಾಳಾಗುತ್ತಿತ್ತು. ಅಂದರೆ ಅವಳ ಅತಿ ಕೆಟ್ಟ ಸ್ಲರಿಯೇ ಸರಿಯಾಗಿದ್ದದ್ದು. ತಮ್ಮ ಶಾಖವನ್ನು ಏರಿಸಿ ಇಳಿಸಿ, ಟವರಿನ ಗೋಡೆಯನ್ನು ರಬ್ಬರ್ ಸುತ್ತಿಗೆಯಿಂದ ಬಡಿದು ಬಡಿದು, ಅಕ್ಕನ ಬೈಗುಳ ತಿಂದು, ಅವಳ ತಪ್ಪನ್ನು ಅವನ ಟವರಿನಲ್ಲಿ ಹುಡುಕುತ್ತಿದ್ದ. ಥೂ, ಎಂದಳು ಜೋರಾಗಿ. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹೇಳಿಬಿಡುವುದು, ಅಷ್ಟೆ. ಇದರಲ್ಲೇನಿದೆ. ಅವಳು ಮ್ಯಾನೇಜರ್ ಕೋಣೆಗೆ ಹೋದಾಗ ಅವರು ಫೋನಿನಲ್ಲಿದ್ದರು. ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದರು. ಕುರ್ಚಿಯ ಮೇಲೆ ಅವರ ಒದ್ದೆ ಟವೆಲ್ ಇತ್ತು. ಅದನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಳು. "ಇಲ್ಲ ಸರ್, ಸ್ಲರಿ ವಿಷಯ ಬಿಡಿ, ಅದರ ಬಗ್ಗೆ ನಾನು ಗ್ಯಾರಂಟಿ ಕೊಡ್ತೀನಿ," ಎನ್ನುತ್ತಿದ್ದರು ಅವರು, ಅವಳತ್ತ ನೋಡಿ ನಗುತ್ತ. "ಅದು ನಮ್ಮ ಮೇಡಂ ಕೈ. ಮಿಕ್ಕವರು ಎಲ್ಲಾ ಹೋದ್ರೂ ಅವರೊಬ್ಬರನ್ನ ಬಿಡಲ್ಲ ನಾನು." ಫೋನಿಟ್ಟು, "ಹೇಳಿ," ಅಂದರು. ಬಾಯಿ ತೆರೆದಳು. ಒದ್ದೆ ಟವೆಲಿನಿಂದ ಸೀರೆಗೆ ನೀರು ಇಳಿಯುತ್ತಿತ್ತು. "ಕಲಕೋ ಮೋಟಾರು ಸದ್ದು ಮಾಡ್ತಿದೆ," ಅಂದಳು. "ಅಯ್ಯೋ ಅಷ್ಟೇನಾ! ನಾನು ತಮ್ಮನ ವಿಷಯಕ್ಕೆ ಬಂದ್ರಿ ಅನ್ಕೊಂಡೆ. ಅದಕ್ಕೇ ನಿಮ್ಮನ್ನ ಮೆಚ್ಚಬೇಕು ಮೇಡಂ, ಮನೆ ಬೇರೆ ಕೆಲಸ ಬೇರೆ." ಅವಳು ಟವೆಲನ್ನು ಕುರ್ಚಿಯ ಮೇಲೆ ಇದ್ದ ಹಾಗೇ ಇಟ್ಟು ಹೊರಬಂದಳು. ಮೋಟಾರು ಸದ್ದೂ ಮಾಡುತ್ತಿರಲಿಲ್ಲ, ಮಣ್ಣೂ ಇಲ್ಲ.

ಓಣಿಯಲ್ಲಿ ಫೋನು ಬಡಿದುಕೊಂಡಿತು. ಅಮ್ಮ. "ಪುಟ್ಟ ತಿಂಡಿ ತಿಂದ್ನಾ? ಬೆಳಿಗ್ಗೆ ಹಾಗೇ ಹೋದ ಅಂತ ಅವನ ಹೆಂಡತಿ ಹೇಳಿದ್ಳು." "ನಂಗೇನು ಗೊತ್ತಮ್ಮ! ಅವನ ಬಾಯಿಗೆ ತುತ್ತಿಡೋಕಾ ನಾನು ಇಲ್ಲಿಗೆ ಬರೋದು?" "ಅದಕ್ಯಾಕೆ ಹಾಗೆ ಹರಿಹಾಯ್ತೀಯ? ನೀನು ಅಲ್ಲಿದ್ದೀಯ ಅಂತ ನನಗೊಂದು ಧೈರ್ಯ, ಅದಕ್ಕೆ ಕೇಳಿದೆ." ನಾನು ತಿಂದೆನಾ ಅಂತ ಕೇಳು ನೋಡೋಣ ಎಂದು ಬಾಯಿತನಕ ಬಂತು, ಅಷ್ಟರಲ್ಲಿ ಅಮ್ಮ ಫೋನಿಟ್ಟಾಗಿತ್ತು.

ತೊಟ್ಟಿಯ ಬಳಿ ನಿಂತಾಗ ಅವಳಿಗೆ ಹೊಳೆಯಿತು, ಏನನ್ನೂ ಹೇಳಬೇಕಾಗಿಯೇ ಇಲ್ಲ. ಸುಮ್ಮನಿದ್ದರೆ ಸಾಕು. ಸ್ಲರಿ ಹೀಗೇ ಹಾಲಿನ ಹಾಗಿದ್ದರೆ ಮೀಸೆಯ ಕೈಯಲ್ಲೂ ಕಾಳು ಟೊಳ್ಳೇ ಬರುತ್ತದೆ, ಮೀಸೆ ಅಲ್ಲ ಅವರಪ್ಪ ಬಂದರೂ ಟೊಳ್ಳೇ. ನಾಳೆ ತಮ್ಮ ವಾಪಸು ಟವರು ಹತ್ತುತ್ತಾನೆ, ಮ್ಯಾನೇಜರ್ ಸಾರಿ ಕೇಳುತ್ತಾರೆ. ಆಮೇಲೆ ಎಲ್ಲರ ಕಣ್ಣು ಸ್ಲರಿಯ ಕಡೆ ತಿರುಗುತ್ತದೆ, ತಿರುಗಲಿ. ಸ್ಲರಿಯನ್ನು ಸರಿಮಾಡಿದಳೋ, ಇವತ್ತು, ಅವನಿಲ್ಲದ ದಿನವೇ, ಪುಡಿ ಸರಿಯಾಗುತ್ತದೆ; ತಪ್ಪು ಅವನದೆಂದು ರುಜುವಾಗಿಯೇ ಹೋಗುತ್ತದೆ. ಇಷ್ಟು ಸುಲಭ. ಮಾಡದೇ ಇರುವುದೊಂದೇ ಅವಳು ಮಾಡಬೇಕಾದ ಕೆಲಸ. ಅವಳು ತೊಟ್ಟಿಯೊಳಗೆ ನೋಡಿದಳು. ಬೆಳ್ಳಗೆ, ನುಣ್ಣಗೆ, ತನ್ನಷ್ಟಕ್ಕೆ ಸುತ್ತುತ್ತಿತ್ತು. ಕೆಟ್ಟದ್ದು ಎಂದು ಗೊತ್ತಾದಮೇಲೆ ಅದನ್ನು ಹಾಗೇ ಟವರಿಗೆ ಬಿಡುವುದೇ? ಇಡೀ ಸಂಜೆ ಟೊಳ್ಳು ಕಾಳು ಸುರಿಯುತ್ತಿದ್ದರೆ ತಾನು ನಿಂತು ನೋಡುವುದೇ? ನಾಲ್ಕನೇ ಸಲ ವಾಪಸು ಬಂದರೆ, ಆಗ ಅವರು ಸೌಟು ಎತ್ತಿ ಹುಯ್ಯುವಾಗ ಹಾಲು ಅನ್ನುತ್ತಾರೆಯೇ? ಮೊದಲು ಪುಡಿ ಸರಿಯಾಗಲಿ, ಸರಿಯಾದ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೇಳುತ್ತೇನೆ, ಕಾರಣವೂ ನಾನೇ ಕಂಡುಹಿಡಿದೆ ಎಂದು ಹೇಳಿದರಾಯಿತು, ಆಗ ಯಾರಿಗೂ ನೋವಿಲ್ಲ, ಎಂದು ಅವಳು ತನಗೇ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಕೈ ಗವಸು ಹಾಕಿಕೊಂಡಾಗಿತ್ತು. ಆ ಹಳೆಯ ಬ್ಯಾಚಿನಲ್ಲಿ ಉಳಿದಿದ್ದ ಆಸಿಡ್ಡಿನ ಹಾಗೆ ಕಣಗಳು ಒಂದನ್ನೊಂದು ಹಿಡಿದುಕೊಳ್ಳಲೆಂದು ತೆಳುಮಾಡಿದ ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟಳು. ಸ್ಲರಿಯ ಮೈ ನಿಧಾನವಾಗಿ ಭಾರವಾಯಿತು. ಅಳತೆಯ ಕಪ್ಪಿನಿಂದ ಇಳಿಯಲು ತಡಮಾಡಿತು. ಇನ್ನು ಸಾಕು ಅನ್ನಿಸಿದ ಜಾಗ ಅವಳಿಗೆ ಖಚಿತವಾಗಿ ಗೊತ್ತಾಯಿತು, ಅದು ಗೊತ್ತಾದದ್ದಕ್ಕೆ ಅವಳಿಗೆ ಖುಷಿಯೂ ಆಯಿತು. ಹೌದು, ಖುಷಿಯಾಯಿತು.

ಮೀಸೆ ಬಂದು ಬಗ್ಗಿ ನೋಡಿದ. ದೊಡ್ಡ ಮೀಸೆ, ಸಣ್ಣ ದನಿ. "ಮೇಡಂ, ಇವತ್ತು ಸ್ವಲ್ಪ ಗಟ್ಟಿ ಅನ್ಸುತ್ತಲ್ವಾ?"

"ನೀವು ಓಡಿಸ್ರೀ. ಗಟ್ಟಿ, ತೆಳು ನಾನು ನೋಡ್ಕೋತೀನಿ."

"ಅಲ್ಲ, ಆಮೇಲೆ ನನ್ನ ತಲೆಗೆ ಬಂದ್ರೆ ಅಂತ..."

"ನಿಮ್ಮ ತಲೆಗೆ ಏನೂ ಬರಲ್ಲ," ಎಂದಳು. ಅಷ್ಟು ನಿಜವಾದ ಮಾತನ್ನು ಅವಳು ಅವತ್ತು ಬೇರೆ ಯಾರಿಗೂ ಹೇಳಿರಲಿಲ್ಲ.

ಟವರು ಓಡಿತು. ಬುಡದ ಡಬ್ಬಿಗೆ ಪುಡಿ ಇಳಿಯತೊಡಗಿದಾಗ ಮ್ಯಾನೇಜರ್ ತಾವೇ ಬಂದು ಒಂದು ಚಮಚೆ ಎತ್ತಿಕೊಂಡು ಲ್ಯಾಬಿಗೆ ನಡೆದರು. ಅವಳೂ ಮೀಸೆಯೂ ಹಿಂದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತುಂಬ ಹೊತ್ತು ಏಳಲಿಲ್ಲ. ಅವಳಿಗೆ ನೋಡಬೇಕಾಗಿಯೇ ಇರಲಿಲ್ಲ, ಚಮಚೆಯಿಂದ ಪುಡಿ ಜಾರಿದ ರೀತಿಯಲ್ಲೇ ತಿಳಿದಿತ್ತು. "ನೋಡಿದ್ರಾ!" ಎಂದು ಅವರು ಎದ್ದು ಮೀಸೆಯ ಬೆನ್ನು ತಟ್ಟಿದರು. "ಒಂದು ತೂತಿಲ್ಲ! ಏನ್ರೀ ಮಾಡಿದ್ರಿ?" ಮೀಸೆ ನಾಚಿಕೊಂಡು, ಏನಿಲ್ಲ ಸರ್, ಶಾಖದ ಮೇಲಿಂದ ಕಣ್ಣು ತೆಗೀಲಿಲ್ಲ, ಅಷ್ಟೆ, ಅದೊಂಥರಾ ಮಗು ನೋಡ್ಕೊಂಡ ಹಾಗೆ ಎಂದು ಶುರುಮಾಡಿದ. ಇವನ ಮಗು ಹಾಳಾಗ! ಈಗ ಹೇಳಬೇಕು, ಈಗಲೇ. "ಸರ್, ಸ್ಲರಿನೂ ಇವತ್ತು..." ಎಂದಳು. "ಸ್ಲರಿ ಬಗ್ಗೆ ನೀವು ಮಾತೇ ಆಡ್ಬೇಡಿ ಮೇಡಂ, ಅದು ಯಾವತ್ತು ಕೈ ಕೊಟ್ಟಿದೆ!" ಎಂದು ಅವರು ಕೈ ಅಡ್ಡ ಮಾಡಿದರು, ಆಮೇಲೆ ದನಿ ತಗ್ಗಿಸಿ, "ನಿಮಗೆ ಕಷ್ಟ ಅಂತ ಗೊತ್ತು. ಅವನಿಗೆ ನಾನೇ ಹೇಳ್ತೀನಿ. ನೀವು ಹೇಳೋದು ಬೇಡ," ಎಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ನೋಡಿದರು, ತಮ್ಮನಿಗಾಗಿ ಎಂದು ತಿಳಿದುಕೊಂಡರು, ಮುಖ ಆ ಕಡೆ ತಿರುಗಿಸಿದರು. ಇಬ್ಬರೂ ಹೊರಟುಹೋದಮೇಲೆ ಅವಳು ಸೂಕ್ಷ್ಮದರ್ಶಕದೊಳಗೆ ನೋಡಿದಳು. ಇಷ್ಟು ಒಳ್ಳೆಯ ಪುಡಿ ಈ ಕಾರ್ಖಾನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ಶಿಫ್ಟು ಬಿಟ್ಟಾಗ ತಮ್ಮ ಗೇಟಿನಾಚೆ ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಿದ್ದ. ಮ್ಯಾನೇಜರ್ ಹೇಳಿಯಾಗಿದೆ ಎಂದು ನಿಂತ ರೀತಿಯಲ್ಲೇ ಗೊತ್ತಾಯಿತು. ಅವಳು ಹತ್ತಿರ ಹೋಗುವಷ್ಟರಲ್ಲಿ ಮಾತನ್ನು ಕಟ್ಟಿಕೊಂಡಿದ್ದಳು: ಕೇಳು, ತಪ್ಪು ನಿಂದಲ್ಲ, ನಂದು, ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ. ಮೂರು ಸಣ್ಣ ವಾಕ್ಯ.

"ಅಕ್ಕ," ಎಂದ ಅವನು, ಅವಳಿಗಿಂತ ಮೊದಲು. "ಬೇಜಾರಾಯ್ತಾ?"

"ಏನಂದ್ರು?"

"ಏನಿಲ್ಲ. ಈ ತಿಂಗಳು ಮುಗಿಸ್ಕೊಂಡು ಹೋಗು ಅಂದ್ರು. ಒಳ್ಳೇ ಮಾತಲ್ಲೇ ಅಂದ್ರು, ಬೈಲಿಲ್ಲ." ಅವನು ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡ. "ನಾನು ಶಾಖ ಜಾಸ್ತಿ ಇಡ್ತಿದ್ದೀನೇನೋ ಅಂತ ಮೀಸೇನ ಕೇಳ್ದೆ. ಅವನೂ ಅಷ್ಟರಲ್ಲೇ ಓಡ್ಸಿದ್ದಂತೆ. ಅದೇ ಶಾಖ, ಅದೇ ಪಂಪು. ಹಾಗಾದ್ರೆ ನನ್ನ ಕೈಗುಣಾನೇ ಸರಿಯಿಲ್ಲ, ಅಲ್ವಾ? ನೀನು ಅಷ್ಟು ಚೆನ್ನಾಗಿ ಮಾಡ್ಕೊಡ್ತಿದ್ದೆ. ಎಲ್ಲಾ ಹಾಳ್ಮಾಡಿ ನಿನ್ನ ಮರ್ಯಾದೆ ಕಳೆದೆ. ಕ್ಷಮಿಸ್ಬಿಡಕ್ಕ."

ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಈ ದಡ್ಡನಿಗೆ ಜನ್ಮದಲ್ಲಿ ಒಂದು ಸಲವಾದರೂ ನಾನಲ್ಲ ಅನ್ನಲು ಬರಬಾರದೇ? ಸ್ಲರಿ ಗಟ್ಟಿಯಿತ್ತಂತಲ್ಲ ಎಂದು ಒಂದು ಮಾತು ಕೇಳಬಾರದೇ? ಮೀಸೆ ಖಂಡಿತ ಹೇಳಿರುತ್ತಾನೆ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಆಣೆಯಾಗಿ ಹೇಳುತ್ತಿದ್ದಳು. ಇವನು ಕೇಳುವುದಿಲ್ಲ. ಬಗ್ಗಿಸಿದ ಕುತ್ತಿಗೆಯನ್ನು ತಾನೇ ತಂದು ಮುಂದಿಟ್ಟರೆ ಎದುರಿನವರು ಏನು ಮಾಡಬೇಕು? ಅವನು ಅವಳ ಮುಖವನ್ನೇ ನೋಡುತ್ತಿದ್ದ, ಬೈಗುಳಕ್ಕೆ ಸಿದ್ಧನಾಗಿ, ಒಂದು ಕಣ್ಣು ಸ್ವಲ್ಪ ಮುಚ್ಚಿಕೊಂಡು. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಹೋಗ್ಲಿ ಬಿಡು," ಎಂದಳು. "ಆದದ್ದಾಯ್ತು. ಇನ್ಮುಂದೆ ಎಲ್ಲಿ ಹೋದ್ರೂ ಸ್ವಲ್ಪ ಹುಷಾರಾಗಿರು."

"ಅಬ್ಬ," ಎಂದ ಅವನು, ಮುಖವಿಡೀ ಅರಳಿ. "ನೀನು ಕ್ಷಮಿಸಲ್ಲ ಅನ್ಕೊಂಡಿದ್ದೆ. ಮಿಕ್ಕಿದ್ದೆಲ್ಲ ಹೇಗೋ ಆಗುತ್ತೆ ಬಿಡು." ಅವಳ ಕೈಯಲ್ಲಿದ್ದ ಬ್ಯಾಗಿಗೆ ಕೈ ಚಾಚಿ, "ಕೊಡಿಲ್ಲಿ, ದಿನವಿಡೀ ನಿಂತು ಸುಸ್ತಾಗಿದ್ದೀಯ," ಎಂದ.

ಅವಳು ಕೊಟ್ಟಳು.